ಏಜೆಂಟ್‌ಗೆ ಟೂಲ್ ಕೊಟ್ಟಿದ್ದೀರಿ, ಅದರ ಬಗ್ಗೆ ಏನು ಹೇಳಿದ್ದೀರಿ?

ಪ್ರಶ್ನೆ: ನಾವು ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ. ಈಗ ಅದಕ್ಕೊಂದು ಎಐ ಏಜೆಂಟ್ ಸೇರಿಸಿದ್ದೇವೆ. ಮಂಡಿಯವರು ‘ಕಳೆದ ವಾರ ರಾಶಿ ಅಡಿಕೆ ಸರಾಸರಿ ಎಷ್ಟಕ್ಕೆ ಹೋಯ್ತು’ ಅಂತ ಕೇಳಿದರೆ ಅದು ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿ ಉತ್ತರಿಸಬೇಕು. ‘ಗೆಟ್_ಡೇಟಾ’, ‘ಸರ್ಚ್_ಲಾಟ್ಸ್’, ‘ರನ್_ಕ್ವೆರಿ’ ಅಂತ ಮೂರು ಟೂಲ್ (ಏಜೆಂಟ್ ಕರೆದು ಕೆಲಸ ಮಾಡಿಸಿಕೊಳ್ಳುವ ಫಂಕ್ಷನ್‌ಗಳು) ಇವೆ. ಒಂದೊಂದಕ್ಕೂ ಒಂದು ಸಾಲಿನ ವಿವರಣೆ ಬರೆದಿದ್ದೇವೆ. ಒಮ್ಮೆ ಉತ್ತರ ಸರಿ ಇರುತ್ತದೆ, ಇನ್ನೊಮ್ಮೆ ಸರಾಸರಿ ಅರ್ಧಕ್ಕೆ ಇಳಿದಿರುತ್ತದೆ. ದೊಡ್ಡ ಮಾಡೆಲ್ ತಗೊಳ್ಳಬೇಕಾ?
– ಓದುಗರು, ಸಾಗರ

ಉತ್ತರ: ಮಾಡೆಲ್ ಬದಲಿಸುವ ಮೊದಲು ಆ ಮೂರು ಸಾಲು ಬದಲಿಸಿ. ಏಜೆಂಟ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಪ್ಯಾರಾಮೀಟರ್‌ಗಳು, ಅಷ್ಟೇ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಎಂಸಿಪಿ (ಏಜೆಂಟ್‌ಗೆ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ವಿಧಾನ) ಬಳಸಿದರೂ ಇದು ಬದಲಾಗುವುದಿಲ್ಲ. ನಿಮ್ಮ ತಂಡದವರ ತಲೆಯಲ್ಲಿ ಮಾತ್ರ ಇರುವ ವಿಷಯವನ್ನು ಏಜೆಂಟ್ ಊಹಿಸಿಕೊಳ್ಳುತ್ತದೆ.

ನಿಮ್ಮ ಟೇಬಲ್ ನಾನು ನೋಡಿಲ್ಲ. ಆದರೆ ಸರಾಸರಿ ಅರ್ಧಕ್ಕೆ ಇಳಿಯುತ್ತದೆ ಅಂದ ಕೂಡಲೇ ನನ್ನ ಅನುಮಾನ ಹೋಗಿದ್ದು ಸೊನ್ನೆಯ ಮೇಲೆ. ಇನ್ನೂ ಮಾರಾಟವಾಗದ ಲಾಟ್‌ಗೆ ದರದ ಜಾಗದಲ್ಲಿ 0 ಹಾಕಿದ್ದೀರಾ, ನೋಡಿ. ಎಸ್‌ಕ್ಯೂಎಲ್‌ನಲ್ಲಿ ಸರಾಸರಿ ತೆಗೆಯುವಾಗ ನಲ್ (ಏನೂ ತುಂಬದ ಖಾಲಿ ಜಾಗ) ಇರುವ ಸಾಲು ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆ ಬರುತ್ತದೆ. ಒಳ್ಳೆ ರೇಟಿಗೆ ಕಾಯುತ್ತಾ ರೈತರು ಮಂಡಿಯಲ್ಲಿ ಇಟ್ಟ ಮಾಲು ಜಾಸ್ತಿ ಇದ್ದಾಗಲೆಲ್ಲ ಸರಾಸರಿ ಕುಸಿಯುತ್ತದೆ. 0 ಅಂದರೆ ಮಾರಿಲ್ಲ ಅಂತ ಮಂಡಿಯ ಗುಮಾಸ್ತರಿಗೆ ಗೊತ್ತು, ನಿಮಗೂ ಗೊತ್ತು. ಏಜೆಂಟ್‌ಗೆ ಯಾರೂ ಹೇಳಿಲ್ಲ ಅಲ್ವಾ?

‘ಲಾಟ್ ಹುಡುಕುತ್ತದೆ’ ಅನ್ನುವ ಒಂದು ಸಾಲಿನ ಬದಲು ಹೀಗೆ ಬರೆಯಬಹುದು:

“ಮಂಡಿಗೆ ಬಂದ ಅಡಿಕೆ ಲಾಟ್‌ಗಳ ಪಟ್ಟಿ ಕೊಡುತ್ತದೆ. ಒಂದು ಸಾಲು ಅಂದರೆ ಒಂದು ಲಾಟ್. ತೂಕ ಕಿಲೋದಲ್ಲಿದೆ, ದರ ಕ್ವಿಂಟಲ್‌ಗೆ ಇಷ್ಟು ರೂಪಾಯಿ ಅಂತ ಇದೆ. ಮೊತ್ತ ಬೇಕಿದ್ದರೆ ತೂಕವನ್ನು 100ರಿಂದ ಭಾಗಿಸಿ ದರದಿಂದ ಗುಣಿಸಬೇಕು. ದರ 0 ಇದ್ದರೆ ಲಾಟ್ ಇನ್ನೂ ಮಾರಾಟವಾಗಿಲ್ಲ. ಯಾವಾಗ ಮಾರಿತು ಅಂತ ಕೇಳಿದರೆ ಟೆಂಡರ್ ದಿನಾಂಕ ನೋಡಿ, ಮಾಲು ಬಂದ ದಿನಾಂಕ ಅಲ್ಲ. ರೈತರ ಮುಂಗಡ, ಬಾಕಿ ಇದರಲ್ಲಿಲ್ಲ, ಅದಕ್ಕೆ ರೈತರ ಖಾತೆಯ ಟೂಲ್ ಬಳಸಿ. ಒಂದು ಸಲಕ್ಕೆ 200 ಸಾಲು ಮಾತ್ರ ಬರುತ್ತದೆ. ಇನ್ನೂ ಇದ್ದರೆ ಕೊನೆಯಲ್ಲಿ ಹಾಗಂತ ತಿಳಿಸುತ್ತದೆ.”

ಉದ್ದ ಆಯಿತು ಅನ್ನಿಸಬಹುದು. ಆದರೆ ಇದರಲ್ಲಿ ಒಂದು ವಾಕ್ಯ ತೆಗೆದರೂ ಒಂದು ತಪ್ಪಿಗೆ ದಾರಿಯಾಗುತ್ತದೆ. ದಿನಾಂಕದ ವಾಕ್ಯವನ್ನೇ ನೋಡಿ. ಮಾಲು ಬಂದು ಎಷ್ಟೋ ತಿಂಗಳಾದ ಮೇಲೆ ಟೆಂಡರ್‌ಗೆ ಇಡುವುದು ಮಂಡಿಯಲ್ಲಿ ಮಾಮೂಲಿ. ಏಜೆಂಟ್ ತಪ್ಪು ದಿನಾಂಕ ಹಿಡಿದರೆ ಬೇರೆ ಯಾವುದೋ ತಿಂಗಳ ರೇಟನ್ನು ‘ಕಳೆದ ವಾರದ್ದು’ ಅಂತ ಹೇಳುತ್ತದೆ. ಅದನ್ನು ನಂಬಿ ಯಾರೋ ಒಬ್ಬರು ವರ್ಷದ ಫಸಲು ಮಾರಿಬಿಡಬಹುದು. ಇದು ಸಣ್ಣ ವಿಷಯ ಅಲ್ಲ.

ಸರಾಸರಿಗೆ ಮಾತ್ರ ಬೇರೆ ಟೂಲ್ ಮಾಡಿ. 200 ಸಾಲು ಕೈಗೆ ಕೊಟ್ಟು ಕೂಡಿಸಿ ಭಾಗಿಸು ಅಂತ ಮಾಡೆಲ್‌ಗೆ ಹೇಳಬೇಡಿ, ಲೆಕ್ಕ ಡೇಟಾಬೇಸ್ ಮಾಡಲಿ. ಯಾವ ಸರಾಸರಿ ಅನ್ನುವುದನ್ನೂ ವಿವರಣೆಯಲ್ಲಿ ಬರೆಯಿರಿ. 10 ಕ್ವಿಂಟಲ್ 50,000ಕ್ಕೆ, 1 ಕ್ವಿಂಟಲ್ 44,000ಕ್ಕೆ ಹೋದರೆ ಲಾಟ್ ಲೆಕ್ಕದಲ್ಲಿ ಸರಾಸರಿ 47,000. ತೂಕ ಸೇರಿಸಿ ನೋಡಿದರೆ 49,450ರ ಮೇಲೆ ಬರುತ್ತದೆ. ಹಾಗೆಯೇ 0 ದರದ ಲಾಟ್‌ಗಳನ್ನು ಒಂದು ವ್ಯೂ (ಟೇಬಲ್‌ನಿಂದ ಬೇಕಾದ ಸಾಲುಗಳನ್ನಷ್ಟೇ ತೋರಿಸುವ, ಉಳಿಸಿಟ್ಟ ಕ್ವೆರಿ) ಮಾಡಿ ಅಲ್ಲೇ ಹೊರಗಿಟ್ಟುಬಿಡಿ. ಆಗ ಈ ಟೂಲ್‌ನ ವಿವರಣೆಯಲ್ಲಿ ‘ಸೊನ್ನೆ ಸೇರಿಸಬೇಡ’ ಅಂತ ಬೇಡಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಟೇಬಲ್‌ನಲ್ಲೇ ಸರಿಮಾಡಬಹುದಾದದ್ದನ್ನು ಮಾತಿನಲ್ಲಿ ಮುಚ್ಚುವುದು ನನಗೆ ಇಷ್ಟವಿಲ್ಲ.

‘ಗೆಟ್_ಡೇಟಾ’ ತೆಗೆದುಹಾಕಿ. ಆ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಅದೂ ‘ಸರ್ಚ್_ಲಾಟ್ಸ್’ ಕೂಡ ಒಂದೇ ಕೆಲಸ ಮಾಡುವಂತಿದ್ದರೆ ಏಜೆಂಟ್ ಸುಮ್ನೆ ಯಾವುದೋ ಒಂದನ್ನು ಆರಿಸುತ್ತದೆ. ಒಮ್ಮೆ ಸರಿ, ಒಮ್ಮೆ ತಪ್ಪು ಬರುವುದಕ್ಕೆ ಅದೂ ಕಾರಣ ಇರಬಹುದು.

ಪ್ಯಾರಾಮೀಟರ್‌ಗಳಿಗೂ ಇದೇ ಕಾಳಜಿ ಬೇಕು. ‘ಟೈಪ್’ ಅಂತ ಬಿಟ್ಟರೆ ಸಾಲದು. ಅಡಿಕೆಯ ನಮೂನೆ ಅಂತ ಹೇಳಿ, ರಾಶಿ, ಬೆಟ್ಟೆ, ಗೊರಬಲು, ಸರಕು ಇಷ್ಟರಲ್ಲೇ ಆರಿಸುವಂತೆ ಕಟ್ಟಿಹಾಕಿ. 05/04 ಏಪ್ರಿಲ್ 5 ಕೂಡ ಆಗಬಹುದು, ಮೇ 4 ಕೂಡ ಆಗಬಹುದು. ಅದಕ್ಕೇ 2025-04-05 ಅಂತ ಒಂದು ಮಾದರಿ ಕೊಡಿ. ತಪ್ಪಾಗಿ ಕೊಟ್ಟಾಗ ಬರೀ ‘ಎರರ್ 400’ ಅಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡುತ್ತದೆ. ‘ದಿನಾಂಕವನ್ನು ವರ್ಷ-ತಿಂಗಳು-ದಿನ ಹೀಗೆ ಕೊಡಿ’ ಅಂದರೆ ಮುಂದಿನ ಸಲ ತಿದ್ದಿಕೊಳ್ಳುತ್ತದೆ.

ಇನ್ನು ‘ರನ್_ಕ್ವೆರಿ’. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವಿವರಣೆಯಲ್ಲಿ ‘ಓದಲು ಮಾತ್ರ’ ಅಂತ ಬರೆದರೆ ಅದು ಬೀಗ ಆಗುವುದಿಲ್ಲ. ಎಂಸಿಪಿಯಲ್ಲಿ ಹಾಗೆ ಗುರುತು ಹಾಕಲು ಅವಕಾಶವಿದೆ, ಅದು ಕೂಡ ಬರೀ ಸೂಚನೆ. ಕ್ವೆರಿಯನ್ನು ರೀಡ್ ಓನ್ಲಿ ಟ್ರಾನ್ಸಾಕ್ಷನ್ ಒಳಗೆ ಸುತ್ತಿಟ್ಟರೂ ಸಾಲದು. ಒಂದೇ ಸಲಕ್ಕೆ ಹಲವು ಆದೇಶ ಕಳಿಸಲು ಬಿಟ್ಟಿದ್ದರೆ, ಮೊದಲು ಕಮಿಟ್ (ಆ ಟ್ರಾನ್ಸಾಕ್ಷನ್ ಮುಗಿಸು), ಆಮೇಲೆ ಡ್ರಾಪ್ (ಟೇಬಲ್ ಅಳಿಸು) ಅಂತ ಬರೆದು ದಾಟಿಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಏಜೆಂಟ್‌ಗಾಗಿಯೇ ಬೇರೆ ರೋಲ್ (ಬಳಕೆದಾರ ಖಾತೆ) ಮಾಡಿ. ಅದಕ್ಕೆ ಬೇಕಾದ ವ್ಯೂಗಳ ಮೇಲೆ ಸೆಲೆಕ್ಟ್ ಅನುಮತಿ ಮಾತ್ರ ಕೊಡಿ, ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಅನ್ನುವ ಮಿತಿ) ಹಾಕಿ.

ಇಷ್ಟಾದ ಮೇಲೆ ಮಂಡಿಯವರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ತೆಗೆದುಕೊಂಡು ಓಡಿಸಿ. ಉತ್ತರ ಮಾತ್ರ ನೋಡಬೇಡಿ. ಯಾವ ಟೂಲ್ ಕರೆಯಿತು, ಏನು ಕೊಟ್ಟು ಕರೆಯಿತು ಅನ್ನುವುದನ್ನು ಲಾಗ್‌ನಲ್ಲಿ ಓದಿ. ವಿವರಣೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಟೂಲ್ ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬರೆಯಬಹುದು. ಈಗಿನ ದೊಡ್ಡ ಮಾಡೆಲ್‌ಗಳಿಗೆ ಕನ್ನಡ ಓದಲು ಬರುತ್ತದೆ. ಆದರೆ ಅದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಜಾಸ್ತಿ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳು, ಖರ್ಚಿನ ಲೆಕ್ಕ ಇವುಗಳ ಮೇಲೆ) ಬೀಳುತ್ತದೆ. ವಿವರಣೆ ಪ್ರತಿ ಸಲವೂ ಮಾಡೆಲ್‌ಗೆ ಹೋಗುವುದರಿಂದ ಖರ್ಚು ಏರುತ್ತದೆ. ತಂಡದಲ್ಲಿ ಯಾರಿಗೆ ಯಾವ ಭಾಷೆಯಲ್ಲಿ ತಪ್ಪಿಲ್ಲದೆ ಬರೆಯಲು ಬರುತ್ತದೋ ಅದರಲ್ಲಿ ಬರೆಯಿರಿ. ಗ್ರಾಹಕರು ಬಳಸುವ ಪದಗಳನ್ನು ಮಾತ್ರ ಅವರು ಟೈಪ್ ಮಾಡುವ ಹಾಗೆಯೇ ಇಡಿ, ಪಕ್ಕದಲ್ಲೇ ಡೇಟಾಬೇಸ್‌ನಲ್ಲಿ ಅದು ಹೇಗೆ ದಾಖಲಾಗಿದೆ ಅಂತ ಬರೆಯಿರಿ. ‘ಬಾಕಿ’ ಅಂತ ಜನ ಕೇಳುತ್ತಾರೆ, ಕಾಲಮ್‌ನಲ್ಲಿ ಅದು ‘ಸ್ಟೇಟಸ್ 3’ ಆಗಿ ಕೂತಿರುತ್ತದೆ. ಇಂಥದ್ದನ್ನು ಪೋಸ್ಟ್‌ಗ್ರೆಸ್‌ನಲ್ಲಿ ಕಾಲಮ್‌ಗೇ ಕಾಮೆಂಟ್ ಆಗಿ ಹಾಕಿ, ಟೂಲ್ ವಿವರಣೆಗೆ ಅಲ್ಲಿಂದಲೇ ಎತ್ತಿಕೊಳ್ಳಿ. ಎರಡು ಕಡೆ ತಿದ್ದುವ ಕೆಲಸ ತಪ್ಪುತ್ತದೆ.