ಡೈರಿ ಆ್ಯಪಿನ ಟೇಬಲ್‌ಗಳು: ಹಾಲನ್ನು ಹಸುವಿಗೆ ಕಟ್ಟಬೇಡಿ

ಊರಿನ ಹಾಲು ಉತ್ಪಾದಕರ ಸಂಘಕ್ಕೆ ಜಾಂಗೋ (ಪೈಥಾನಿನಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಇಟ್ಟುಕೊಂಡು ಲೆಕ್ಕದ ಆ್ಯಪ್ ಮಾಡುತ್ತಿದ್ದೀರಿ. ನೀವು ಹಾಕಿದ ಚಿತ್ರದಲ್ಲಿ ಸದಸ್ಯ, ಹಸು, ಹಾಲು ಅಂತ ಮೂರು ಟೇಬಲ್ ಇವೆ. ಒಬ್ಬ ಸದಸ್ಯರಿಗೆ ಹಲವು ಹಸು, ಒಂದು ಹಸುವಿಗೆ ಹಲವು ಹಾಲಿನ ದಾಖಲೆ. ದರ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಒಂದೇ ಸಾಲು. ದರ ಬದಲಿಸಿದ ಕೂಡಲೇ ಹೋದ ತಿಂಗಳ ಬಿಲ್ಲಿನ ಮೊತ್ತವೂ ಬದಲಾಯಿತು, ಸಂಬಂಧ ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ದರದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ತಪ್ಪು ಹಾಲು ಮತ್ತು ಹಸುವಿನ ನಡುವೆ ಇದೆ.

ಬೆಳಿಗ್ಗೆ ಡೈರಿ ಮುಂದೆ ನಿಂತು ನೋಡಿ. ಮೂರು ಹಸು ಕರೆದ ಹಾಲು ಮನೆಯಲ್ಲೇ ಒಂದು ಕ್ಯಾನಿಗೆ ಸೇರಿ ಬರುತ್ತದೆ. ಅಳತೆ, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲವೂ ಆ ಕ್ಯಾನಿನವು. ಯಾವ ಹಸು ಎಷ್ಟು ಕೊಟ್ಟಿತು ಅನ್ನುವುದು ಸಂಘಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಹಾಲಿನ ದಾಖಲೆಯಲ್ಲಿ ಹಸುವಿನ ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ) ಕಡ್ಡಾಯ ಮಾಡಿದರೆ, ಹಿಂದೆ ಮೂವತ್ತು ಜನ ಸಾಲು ನಿಂತಿರುವಾಗ ಹಾಲು ಅಳೆಯುವವರು ಪಟ್ಟಿಯಲ್ಲಿ ಮೊದಲು ಕಾಣುವ ಹಸುವನ್ನೇ ಒತ್ತುತ್ತಾರೆ. ಆರು ತಿಂಗಳ ಮೇಲೆ ವರದಿ ತೆಗೆದರೆ ಬತ್ತಿಸಿದ ಹಸುವೂ ದಿನಾ ಹಾಲು ಕೊಟ್ಟಂತೆ ಕಾಣುತ್ತದೆ. ದಾಖಲೆಯನ್ನು ಹಾಲು ಹಾಕುವವರಿಗೆ ನೇರವಾಗಿ ಕಟ್ಟಿ. ಹಸುವಿನದೋ ಎಮ್ಮೆಯದೋ ಅನ್ನುವುದಕ್ಕೆ ಒಂದು ಕಾಲಂ ಸಾಕು.

ಹಸುವಿನ ಟೇಬಲ್ ಬೇಡವೆಂದಲ್ಲ. ವಿಮೆ, ಲಸಿಕೆ, ಕೃತಕ ಗರ್ಭಧಾರಣೆಗೆ ಅದು ಬೇಕು. ಆದರೆ ಕಿವಿಯೋಲೆಯ ಸಂಖ್ಯೆಯನ್ನು ಪ್ರೈಮರಿ ಕೀ (ಟೇಬಲ್ಲಿನ ಒಂದೊಂದು ಸಾಲನ್ನು ಗುರುತಿಸುವ ಕಾಲಂ) ಮಾಡಬೇಡಿ. ಓಲೆ ಕಿತ್ತುಹೋಗಿ ಹೊಸದು ಹಾಕಿಸುವುದು ಸಾಮಾನ್ಯ, ಕರುವಿಗೆ ಇನ್ನೂ ಹಾಕಿಸಿಯೇ ಇರುವುದಿಲ್ಲ. ಆ ಸಂಖ್ಯೆ 12 ಅಂಕಿಯದು, ಮಾಮೂಲಿ ಇಂಟಿಜರ್ ಕಾಲಂ 2,147,483,647ಕ್ಕೇ ನಿಲ್ಲುತ್ತದೆ. ಹೇಗೂ ಅದನ್ನು ಕೂಡಿಸಿ ಕಳೆಯುವುದಿಲ್ಲ, ಅಕ್ಷರದ ಕಾಲಂನಲ್ಲಿಡಿ, ಖಾಲಿ ಬಿಡಲು ಅವಕಾಶವಿರಲಿ, ಇದ್ದರೆ ಯೂನಿಕ್ (ಎರಡು ಸಾಲಿನಲ್ಲಿ ಒಂದೇ ಬಾರದಂತೆ) ಆಗಿರಲಿ. ಹಸು ಮಾರಾಟವಾಗಿ ಪಕ್ಕದ ಮನೆಗೆ ಹೋಗುತ್ತದೆ. ಆದ್ದರಿಂದ ಮಾಲೀಕರನ್ನು ಹಸುವಿನ ಸಾಲಿನಲ್ಲೇ ಬರೆಯದೆ, ಯಾವ ಹಸು, ಯಾರದು, ಯಾವತ್ತಿನಿಂದ, ಯಾವತ್ತಿನವರೆಗೆ ಅಂತ ಬೇರೆ ಟೇಬಲ್ ಮಾಡಿ. ಒಂದೇ ದಿನ ಇಬ್ಬರು ಮಾಲೀಕರಾಗದಂತೆ ಪೋಸ್ಟ್‌ಗ್ರೆಸ್‌ನ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ (ಅವಧಿಗಳು ಒಂದರ ಮೇಲೊಂದು ಬೀಳದಂತೆ ಡೇಟಾಬೇಸೇ ಕಾಯುವ ನಿಯಮ) ತಡೆಯುತ್ತದೆ. ಅದಕ್ಕೆ ಬಿಟ್ರೀ ಜಿಸ್ಟ್ ಎಂಬ ಎಕ್ಸ್‌ಟೆನ್ಷನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಮೊದಲೇ ಹಾಕಿರಬೇಕು. ಕೊನೆಯ ದಿನಾಂಕವನ್ನು ರೇಂಜಿನ (ಅವಧಿಯ) ಹೊರಗಿಡಿ, ಇಲ್ಲದಿದ್ದರೆ ಮಾರಿದ ದಿನವೇ ಕೊಂಡವರ ಹೆಸರು ಸೇರಿಸಲು ಆಗುವುದಿಲ್ಲ.

ಸದಸ್ಯರ ಟೇಬಲ್ಲನ್ನೂ ಒಡೆಯಬೇಕು. ಸದಸ್ಯತ್ವ ಸಂಖ್ಯೆಯನ್ನೇ ಕೀ ಮಾಡಿದ್ದೀರಿ. ಯಜಮಾನರು ತೀರಿಕೊಂಡು ಷೇರು ಹೆಂಡತಿಗೋ ಮಗನಿಗೋ ವರ್ಗವಾದಾಗ ಸಂಖ್ಯೆ ಅದೇ ಉಳಿದು ಮನುಷ್ಯರು ಬೇರೆಯಾಗಬಹುದು. ಸದಸ್ಯರಲ್ಲದವರೂ ಹಾಲು ಹಾಕುತ್ತಾರೆ, ಅವರಿಗೆ ಸಂಖ್ಯೆಯೇ ಇರುವುದಿಲ್ಲ. ‘ಉತ್ಪಾದಕ’ ಅಂತ ಒಂದು ಟೇಬಲ್ ಇರಲಿ, ‘ಸದಸ್ಯತ್ವ’ ಇನ್ನೊಂದು, ಅದಕ್ಕೂ ಶುರು ಮತ್ತು ಮುಕ್ತಾಯದ ದಿನಾಂಕ. ಹಾಲು ಉತ್ಪಾದಕರಿಗೆ ಸೇರಲಿ. ಷೇರು ಮತ್ತು ಬೋನಸ್ ಸದಸ್ಯತ್ವಕ್ಕೆ. ಸಂಖ್ಯೆ ಒಂದು ಸಂಘದೊಳಗೆ ಮಾತ್ರ ಯೂನಿಕ್, ಹಾಗಾಗಿ ಸಂಘದ ಐಡಿಯನ್ನೂ ಸೇರಿಸಿ ಕನ್‌ಸ್ಟ್ರೇಂಟ್ ಹಾಕಿ. ಈಗ ಒಂದೇ ಸಂಘ ಇದ್ದರೂ ಹಾಕಿ. ಪಕ್ಕದೂರಿನವರು ನಮಗೂ ಕೊಡಿ ಅಂದ ದಿನ ಇದನ್ನು ಸೇರಿಸುವುದು ಬಹಳ ಕಷ್ಟ.

ಈಗ ದರ. ಸಂಘದ ಹಾಲು ಕೊಳ್ಳುವ ಒಕ್ಕೂಟದಿಂದ ಬರುವುದು ಒಂದು ಸಂಖ್ಯೆಯಲ್ಲ, ಒಂದು ಪಟ್ಟಿ. ಫ್ಯಾಟ್ 3.0ರಿಂದ 5.0, ಎಸ್‌ಎನ್‌ಎಫ್ 7.5ರಿಂದ 9.0, ಎರಡೂ 0.1ರ ಹೆಜ್ಜೆಯಲ್ಲಿ ಅಂದುಕೊಂಡರೆ 21ನ್ನು 16ರಿಂದ ಗುಣಿಸಿ 336 ಸಾಲು. ‘ದರಪಟ್ಟಿ’ಯಲ್ಲಿ ಹಾಲಿನ ಜಾತಿ, ಜಾರಿಯಾಗುವ ದಿನಾಂಕ ಮತ್ತು ಹೊತ್ತು (ಬೆಳಿಗ್ಗೆ ಅಥವಾ ಸಂಜೆ). ‘ದರಸಾಲು’ ಅದರ ಮಕ್ಕಳು: ಫ್ಯಾಟ್, ಎಸ್‌ಎನ್‌ಎಫ್, ಲೀಟರಿನ ಬೆಲೆ. ಹೊಸ ದರ ಬಂದಾಗ ಹಳೆ ಪಟ್ಟಿ ಮುಟ್ಟದೆ ಹೊಸ ಪಟ್ಟಿ ಸೇರಿಸಿ. ಹಾಲಿನ ದಾಖಲೆ ಉಳಿಸುವಾಗ ಪಟ್ಟಿಯ ಐಡಿ, ಆಗ ಸಿಕ್ಕ ದರ, ಮೊತ್ತ ಮೂರನ್ನೂ ಅದರಲ್ಲೇ ಬರೆದಿಡಿ.

ಒಂದೇ ಮಾಹಿತಿ ಎರಡು ಕಡೆ ಇರಬಾರದು ಅಂತ ನಾರ್ಮಲೈಸೇಷನ್ ಪಾಠದಲ್ಲಿ ಓದಿರುತ್ತೀರಿ, ಇದು ಅದಕ್ಕೆ ವಿರುದ್ಧವಲ್ಲವೇ ಅನ್ನಿಸಬಹುದು. ವಿರುದ್ಧವಲ್ಲ. ಪಟ್ಟಿಯಲ್ಲಿರುವುದು ಒಕ್ಕೂಟ ಹೇಳಿದ ದರ. ದಾಖಲೆಯಲ್ಲಿರುವುದು ಆ ಹೊತ್ತು ರೈತರ ಕೈಗೆ ಕೊಟ್ಟ ಚೀಟಿಯಲ್ಲಿ ಅಚ್ಚಾದ ದರ. ಪಟ್ಟಿಯಲ್ಲಿ ತಪ್ಪು ಟೈಪ್ ಆಗಿ ಆಮೇಲೆ ತಿದ್ದಿದರೂ ಚೀಟಿಯಲ್ಲಿದ್ದದ್ದು ಬದಲಾಗುವುದಿಲ್ಲ. ನಿಮ್ಮ ಹಳೆ ಬಿಲ್ ಬದಲಾದದ್ದು ಈ ಎರಡನ್ನು ಒಂದೇ ಎಂದುಕೊಂಡಿದ್ದರಿಂದ.

ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ) ಕಾಲಂ ಎಲ್ಲೂ ಬೇಡ, ಎಲ್ಲ ಡೆಸಿಮಲ್ (ಇದ್ದದ್ದನ್ನು ಹಾಗೇ ಇಡುವುದು) ಇರಲಿ. ಡೆಸಿಮಲ್ ಹಾಕಿದ ಮೇಲೂ ಒಂದು ಪೈಸೆಯ ಜಗಳ ಬರುತ್ತದೆ. 6.5 ಲೀಟರ್, ದರ 36.25 ಇದ್ದರೆ ಮೊತ್ತ 235.625. ಎರಡು ದಶಮಾಂಶಕ್ಕೆ ಇಳಿಸುವಾಗ ಪೈಥಾನಿನ ಡೆಸಿಮಲ್ ಕ್ವಾಂಟೈಸ್ ಫಂಕ್ಷನ್ ತಾನಾಗಿ ಸಮಸಂಖ್ಯೆಯ ಕಡೆ ಸರಿಸಿ 235.62 ಕೊಡುತ್ತದೆ, ಪೋಸ್ಟ್‌ಗ್ರೆಸ್‌ನ ರೌಂಡ್ 235.63 ಕೊಡುತ್ತದೆ. ಚೀಟಿ ಪೈಥಾನಿನಲ್ಲಿ, ತಿಂಗಳ ವರದಿ ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿನ ಭಾಷೆ) ಲೆಕ್ಕವಾದರೆ ಎರಡೂ ಹೊಂದದೆ ಹೋಗಬಹುದು. ಸಂಘದ ಕಾರ್ಯದರ್ಶಿಯವರನ್ನು ಕೇಳಿ ನಿಯಮ ಒಂದನ್ನು ಗೊತ್ತುಮಾಡಿ, ದಾಖಲೆ ಉಳಿಸುವಾಗ ಒಮ್ಮೆ ಮಾತ್ರ ರೌಂಡ್ ಮಾಡಿ. ಆಮೇಲೆ ಎಲ್ಲ ಕಡೆ ಉಳಿಸಿದ ಮೊತ್ತವನ್ನೇ ಕೂಡಿಸಿ.

ಹಾಲು ಹಾಕಿದ ದಿನಾಂಕ ಮತ್ತು ಬೆಳಿಗ್ಗೆ–ಸಂಜೆ ಬೇರೆಬೇರೆ ಕಾಲಂ ಆಗಬೇಕು. ದಾಖಲೆ ಸೃಷ್ಟಿಯಾದ ಸಮಯದಿಂದ ದಿನ ತೆಗೆಯಲು ಹೋಗಬೇಡಿ. ಟೈಮ್‌ಝೋನ್ ಚಾಲೂ ಇದ್ದರೆ ಜಾಂಗೋ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಉಳಿಸುತ್ತದೆ. ಜೂನ್ 1ರ ಬೆಳಿಗ್ಗೆ 5 ಗಂಟೆ ಅಲ್ಲಿ ಮೇ 31ರ ರಾತ್ರಿ 11.30. ನೇರ ಎಸ್‌ಕ್ಯೂಎಲ್‌ನಲ್ಲಿ ದಿನದ ಮೇಲೆ ಗುಂಪು ಮಾಡಿದರೆ ಐದೂವರೆಗೆ ಮೊದಲು ಬಂದವರ ಹಾಲೆಲ್ಲ ಹಿಂದಿನ ಬಟವಾಡೆಗೆ (ಹಾಲಿನ ದುಡ್ಡು ಹಂಚುವ ಅವಧಿಗೆ) ಸೇರಿಹೋಗುತ್ತದೆ. ಕರೆಂಟು ಹೋದಾಗ ಕಾಗದದಲ್ಲಿ ಬರೆದು ಮಧ್ಯಾಹ್ನ ಏರಿಸುವುದೂ ಇದ್ದೇ ಇದೆ.

ಒಬ್ಬರಿಗೆ ಒಂದು ಹೊತ್ತಿಗೆ ಒಂದೇ ದಾಖಲೆ ಅಂತ ಯೂನಿಕ್ ಕನ್‌ಸ್ಟ್ರೇಂಟ್ ಹಾಕುವ ಆಸೆಯಾಗುತ್ತದೆ. ಎರಡನೇ ಕ್ಯಾನ್ ತಂದವರಿಗೆ ಅದು ಅಡ್ಡ ಬರುತ್ತದೆ. ನಿಜವಾಗಿ ತಡೆಯಬೇಕಾದದ್ದು ನೆಟ್‌ವರ್ಕ್ ತೊದಲಿ ಒಂದೇ ದಾಖಲೆ ಎರಡು ಸಲ ಬರುವುದನ್ನು. ಫೋನಿನಲ್ಲೇ ಒಂದು ಯುಯುಐಡಿ (ಮತ್ತೆಲ್ಲೂ ಬಾರದಷ್ಟು ಉದ್ದದ ಗುರುತು) ಹುಟ್ಟಿಸಿ ದಾಖಲೆಯ ಜೊತೆ ಕಳಿಸಿ, ಸರ್ವರಿನಲ್ಲಿ ಅದನ್ನು ಯೂನಿಕ್ ಮಾಡಿ.

ಹಿಂಡಿ ಮೂಟೆ, ಮುಂಗಡ, ವಿಮೆ ಕಂತು, ಹೀಗೆ ಹಾಲಿನ ದುಡ್ಡಿನಲ್ಲಿ ಮುರಿದುಕೊಳ್ಳುವುದಕ್ಕೆಲ್ಲ ಒಂದೊಂದು ಕಾಲಂ ಇಟ್ಟಿದ್ದೀರಿ. ಒಂದೇ ‘ಖಾತೆಸಾಲು’ ಟೇಬಲ್ ಸಾಕು: ಯಾರದು, ಯಾವ ಬಗೆ, ಜಮಾ ಅಥವಾ ಖರ್ಚು, ಮೊತ್ತ, ಯಾವ ಬಟವಾಡೆ. ಬಾಕಿ ಅನ್ನುವ ಕಾಲಂ ಬೇಡ, ಕೂಡಿಸಿದರೆ ಬಂತು. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನವನ್ನು ದರದೊಳಗೆ ಸೇರಿಸಲೇಬೇಡಿ. ಅದು ಬೇರೆ ದಾರಿಯಲ್ಲಿ, ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಬರುವ ದುಡ್ಡು. ಅದರ ಬಾಕಿ ಲೆಕ್ಕವನ್ನು ಬೇರೆಯಾಗಿಯೇ ತೋರಿಸಬೇಕಾಗುತ್ತದೆ.

ಬಟವಾಡೆ ಮುಗಿದ ಮೇಲೆ ಅದರೊಳಗಿನ ಯಾವ ಸಾಲನ್ನೂ ತಿದ್ದುವಂತಿರಬಾರದು. 8.5 ಲೀಟರ್ ಬದಲು 5.8 ಬರೆದದ್ದು ಆಮೇಲೆ ಗೊತ್ತಾದರೆ, ಮೂಲ ದಾಖಲೆಗೆ ಫಾರಿನ್ ಕೀ ಇರುವ 2.7 ಲೀಟರಿನ ತಿದ್ದುಪಡಿ ಸಾಲನ್ನು ಮುಂದಿನ ಬಟವಾಡೆಗೆ ಹಾಕಿ. ಡಿಲೀಟ್ ಮಾಡಿದಾಗ ಏನಾಗಬೇಕು ಅನ್ನುವ ಕಡೆ ನೀವು ಎಲ್ಲದಕ್ಕೂ ಕ್ಯಾಸ್ಕೇಡ್ (ಜೊತೆಗೆ ಕಟ್ಟಿದ್ದನ್ನೂ ಅಳಿಸು) ಕೊಟ್ಟಿದ್ದೀರಿ. ಅಡ್ಮಿನ್ ಪುಟದಲ್ಲಿ ಒಬ್ಬ ಉತ್ಪಾದಕರನ್ನು ಅಳಿಸಿದರೆ ಅವರ ವರ್ಷಗಳ ಹಾಲೂ ಅಳಿಸಿಹೋಗುತ್ತದೆ. ಎಲ್ಲ ಕಡೆ ಪ್ರೊಟೆಕ್ಟ್ (ಕಟ್ಟಿದ ದಾಖಲೆ ಇದ್ದರೆ ಅಳಿಸಲು ಬಿಡಬೇಡ) ಮಾಡಿ, ಬಿಟ್ಟುಹೋದವರಿಗೆ ಮುಕ್ತಾಯದ ದಿನಾಂಕ ಹಾಕಿ.

ಬಿಲ್ ಪುಟ ನಿಧಾನ ಅಂದಿದ್ದಿರಿ. 180 ಜನರ ಮೇಲೆ ಲೂಪ್ ಓಡಿಸಿ ಒಬ್ಬೊಬ್ಬರ ಹಾಲನ್ನು ಬೇರೆಬೇರೆ ತರುತ್ತಿರುವುದರಿಂದ 181 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಆಗುತ್ತಿದೆ. ಎಲ್ಲರ ಹಾಲನ್ನು ಒಂದೇ ಸಲ ತರುವ ಜಾಂಗೋದ ಪ್ರಿಫೆಚ್ ರಿಲೇಟೆಡ್ ಹಾಕಿದರೆ ಎರಡಕ್ಕೆ ಇಳಿಯುತ್ತದೆ.

ಈಗಿರುವ ಡೇಟಾ ಉಳಿಸಿಕೊಂಡು ಬದಲಿಸುವಾಗ ಮೊದಲು ಬ್ಯಾಕಪ್. ಹೊಸ ಕಾಲಂಗಳನ್ನು ಖಾಲಿ ಬಿಡಬಹುದಾದಂತೆ ಸೇರಿಸಿ. ಹಸುವಿನ ಮೂಲಕ ಮಾಲೀಕರನ್ನು ಹುಡುಕಿ ಹಾಲಿನ ದಾಖಲೆಗೆ ಉತ್ಪಾದಕರನ್ನು ತುಂಬಿ. ದರ ಮತ್ತು ಮೊತ್ತವನ್ನು ಈಗಿನ ಸೆಟ್ಟಿಂಗ್ಸ್‌ನಿಂದ ತುಂಬಬೇಡಿ, ಕೊಟ್ಟ ಚೀಟಿ ಅಥವಾ ಪಾಸ್‌ಬುಕ್ಕಿನಿಂದಲೇ ತುಂಬಿ. ಒಂದೊಂದು ಬಟವಾಡೆಯ ಮೊತ್ತವನ್ನು ಸಂಘದ ರಿಜಿಸ್ಟರಿನ ಜೊತೆ ತಾಳೆ ನೋಡಿ. ಪೈಸೆ ಸಮೇತ ಹೊಂದಿದ ಮೇಲೆ ಕಾಲಂಗಳನ್ನು ಕಡ್ಡಾಯ ಮಾಡಿ, ಹಸುವಿನ ಫಾರಿನ್ ಕೀಯನ್ನು ಕೊನೆಯ ಮೈಗ್ರೇಷನ್‌ನಲ್ಲಿ (ಟೇಬಲ್ ರಚನೆ ಬದಲಿಸುವ ಹಂತ) ತೆಗೆಯಿರಿ. ಹೊಸ ಚಿತ್ರ ಬರೆದು ಇಲ್ಲೇ ಹಾಕಿ, ಖಾತೆಸಾಲಿನ ಬಗೆಗಳನ್ನು ಒಟ್ಟಿಗೆ ನೋಡೋಣ.