ಆಪ್ ಕೇಳಿದವರಿಗೆ ಪುಟ ಕೊಡಬಹುದೇ?

(ಸಾಗರದ ಹತ್ತಿರದ ಹಳ್ಳಿಯೊಂದರಿಂದ ಬಂದ ಪತ್ರ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಊರಿಗೆ ಬಂದು, ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕಿಳಿದವರು ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅಡಿಕೆ ಮಂಡಿಯವರೊಬ್ಬರು ದಿನದ ದರ ತಿಳಿಸಲು ‘ಒಂದು ಆಪ್ ಮಾಡಿಕೊಡಿ’ ಎಂದರಂತೆ. ಇವರು ಮೊಬೈಲಿನ ಬ್ರೌಸರಿನಲ್ಲೇ ತೆರೆಯುವ ಒಂದು ಪುಟ ಮಾಡಿದರು. ಬೇಕಾದವರು ಅದರ ಐಕಾನನ್ನು ಹೋಮ್ ಸ್ಕ್ರೀನಿಗೆ ಹಾಕಿಕೊಳ್ಳಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುತ್ತದೆ. ಮಂಡಿಯವರು ‘ಪ್ಲೇ ಸ್ಟೋರಿನಲ್ಲೇ ಇಲ್ಲ, ಇದಕ್ಕೆ ಇಷ್ಟು ದುಡ್ಡೇ’ ಎಂದು ನಾಲ್ಕು ತಿಂಗಳಿಂದ ಬಾಕಿ ಉಳಿಸಿಕೊಂಡಿದ್ದಾರೆ. ‘ಸರಳವಾಗಿ ಮಾಡಿದ್ದೇ ನನ್ನ ತಪ್ಪಾಯಿತೇ?’ ಎಂದು ಕೇಳಿದ್ದಾರೆ.)

ಮಿತ್ರರೇ,

ಸರಳವಾಗಿ ಮಾಡಿದ್ದು ತಪ್ಪಲ್ಲ. ಹೇಳದೆ ಮಾಡಿದ್ದು ತಪ್ಪು. ಮಂಡಿಯವರು ಆಪ್ ಅಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ನೆಂಟರ ಮುಂದೆ ಫೋನ್ ಹಿಡಿದು ‘ಪ್ಲೇ ಸ್ಟೋರಿನಲ್ಲಿ ನಮ್ಮ ಹೆಸರು ಹೊಡೆದು ನೋಡಿ’ ಎನ್ನುವ ಗತ್ತು. ನೀವು ಆ ಗತ್ತನ್ನು ಕಿತ್ತುಕೊಂಡು ಉಪಯೋಗವನ್ನು ಕೊಟ್ಟಿರಿ. ಅದೂ ಕೆಲಸ ಮುಗಿದ ಮೇಲೆ ತಿಳಿಸಿದಿರಿ. ಮದುವೆಗೆ ಹೋಳಿಗೆ ಹೇಳಿದವರಿಗೆ ಪಾಯಸ ಬಡಿಸಿ, ಪಾಯಸವೇ ಆರೋಗ್ಯಕ್ಕೆ ಒಳ್ಳೆಯದು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆರೋಗ್ಯದ ಮಾತು ನಿಜವೇ ಇರಬಹುದು.

ನಿಮ್ಮ ತೀರ್ಮಾನ ಸರಿ ಎಂದು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ, ಏಕೆಂದರೆ ನಮ್ಮ ಪತ್ರಿಕೆ ಇದೇ ಗತ್ತಿಗೆ ಬಿದ್ದು ಕೈ ಸುಟ್ಟುಕೊಂಡಿದೆ. ಕೆಲವು ವರ್ಷಗಳ ಹಿಂದೆ ನಾವೂ ಒಂದು ಆಪ್ ಮಾಡಿಸಿದೆವು. ಬಿಡುಗಡೆಗೆ ಸಭೆ, ಹಾರ, ಫೋಟೊ ಎಲ್ಲ ಆಯಿತು. ಎರಡು ವರ್ಷಕ್ಕೆ ಓದುಗರು ‘ಹೊಸ ಫೋನಿನಲ್ಲಿ ಆಪ್ ಸಿಗುತ್ತಿಲ್ಲ’ ಎಂದು ಫೋನ್ ಮಾಡತೊಡಗಿದರು. ಆಪ್ ಕೆಟ್ಟಿರಲಿಲ್ಲ. ಆಂಡ್ರಾಯ್ಡ್ ಹೊಸದಾಗುತ್ತ ಹೋದಂತೆ ಆಪನ್ನೂ ಹೊಸ ಆವೃತ್ತಿಗೆ ಹೊಂದಿಸಿ ಮತ್ತೆ ಏರಿಸಬೇಕು, ಇಲ್ಲವಾದರೆ ಹೊಸ ಫೋನಿನವರಿಗೆ ಸ್ಟೋರ್ ಅದನ್ನು ತೋರಿಸುವುದಿಲ್ಲ ಎಂಬುದು ನಮಗೆ ಆಗ ಗೊತ್ತಾಯಿತು. ಏರಿಸೋಣ ಎಂದರೆ ಡೆವಲಪರ್ ಖಾತೆ ಇದ್ದದ್ದು ಮಾಡಿಕೊಟ್ಟ ಸಂಸ್ಥೆಯ ಹೆಸರಿನಲ್ಲಿ, ಪಾಸ್‌ವರ್ಡ್ ಇದ್ದದ್ದು ಅಲ್ಲಿ ಕೆಲಸ ಬಿಟ್ಟು ಹೋದ ಹುಡುಗನ ಬಳಿ. ಆ ಹುಡುಗ ಆಗ ಕೆನಡಾದಲ್ಲಿದ್ದ. ನಮ್ಮ ಆಪ್ ನಮ್ಮದಾಗಿರಲೇ ಇಲ್ಲ.

ಪುಟಕ್ಕೆ ಈ ತಾಪತ್ರಯ ಕಡಿಮೆ. 1990ರ ದಶಕದ ಆರಂಭದಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಮೊದಲ ವೆಬ್ ಪುಟದ ಪ್ರತಿಯನ್ನು ಈಗಲೂ ಯಾವುದೇ ಬ್ರೌಸರಿನಲ್ಲಿ ಓದಬಹುದು. ಇನ್ನೊಂದು ತಮಾಷೆ ನೋಡಿ. 2007ರಲ್ಲಿ ಮೊದಲ ಐಫೋನ್ ಬಂದಾಗ ಆಪ್ ಸ್ಟೋರ್ ಎಂಬುದೇ ಇರಲಿಲ್ಲ. ಹೊರಗಿನ ಡೆವಲಪರುಗಳಿಗೆ ಆಪಲ್‌ನ ಸ್ಟೀವ್ ಜಾಬ್ಸ್ ಹೇಳಿದ್ದು, ಬ್ರೌಸರಿನಲ್ಲಿ ಓಡುವ ವೆಬ್ ಆಪ್ ಬರೆಯಿರಿ ಎಂದೇ. ಡೆವಲಪರುಗಳು ಗೊಣಗಿದರು. ಮರುವರ್ಷ ಜುಲೈನಲ್ಲಿ ಸುಮಾರು 500 ಆಪ್‌ಗಳೊಂದಿಗೆ ಅಂಗಡಿ ತೆರೆಯಿತು, ಆಮೇಲೆ ಜಗತ್ತೆಲ್ಲ ಆಪ್ ಆಪ್ ಎಂದಿತು. ನೀವು ಈಗ ಮಾಡಿರುವುದು ಅಂದು ಯಾರಿಗೂ ಬೇಡವಾಗಿದ್ದ ಕೆಲಸ. ವ್ಯತ್ಯಾಸವೆಂದರೆ ಅಂದು ನೆಟ್‌ವರ್ಕ್ ಹೋದರೆ ಪುಟವೂ ಹೋಗುತ್ತಿತ್ತು. ಇಂದು ಸರ್ವಿಸ್ ವರ್ಕರ್ ಎಂಬ ಏರ್ಪಾಡು ಫೋನಿನಲ್ಲೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ.

ಹಾಗೆ ಇಟ್ಟುಕೊಳ್ಳುವ ಕಡೆಯೇ ನಿಮ್ಮ ಪುಟ ಎಡವಿದೆ. ನೀವು ಕಳಿಸಿದ ಲಿಂಕನ್ನು ನನ್ನ ಫೋನಿನಲ್ಲಿ ನೋಡಿದರೆ ಪ್ರಯೋಜನವಿಲ್ಲ ಎಂದು ಅಕ್ಕನ ಫೋನಿನಲ್ಲಿ ತೆರೆದೆ. ಅಕ್ಕನ ಮನೆ ತೋಟದ ನಡುವೆ. ಅಲ್ಲಿ ಸಿಗ್ನಲ್ ಬೇಕಾದರೆ ಕೊಟ್ಟಿಗೆಯ ಹಿಂದಿನ ದರೆ ಹತ್ತಬೇಕು. ದರ ನೋಡಲು ದರೆ ಹತ್ತುವುದು ಅವರ ಮನೆಯ ಹಳೆಯ ಜೋಕು. ಭಾನುವಾರ ದರೆಯ ಮೇಲೆ ತೆರೆದು ತೋರಿಸಿ ನಾನು ಬೆಂಗಳೂರಿಗೆ ಬಂದೆ. ಬುಧವಾರ ಭಾವ ಫೋನ್ ಮಾಡಿ, ‘ರಾಶಿ ಹಂಗೇ ನಿಂತಿದ್ಯಲ್ಲ ಮಾರಾಯಾ, ಒಂದ್ ರೂಪಾಯಿ ಆಚೆ ಈಚೆ ಆಗಿಲ್ಲೆ’ ಎಂದರು. ರಾಶಿ ಎಂದರೆ ಅಡಿಕೆಯ ಒಂದು ಬಗೆ. ಅವರು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಮೂರು ದಿನ ನೋಡಿದ್ದು ಒಂದೇ ಹಳೆಯ ಪ್ರತಿಯನ್ನು. ದಿನಾಂಕವನ್ನು ನೀವು ಹಾಕಿದ್ದೀರಿ, ಇಲ್ಲವೆನ್ನುವುದಿಲ್ಲ. ಪುಟದ ತಳದಲ್ಲಿ, ಬೂದು ಬಣ್ಣದಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಅರವತ್ತೆಂಟರ ಭಾವನ ಕಣ್ಣಿಗೆ ಅದು ಬೀಳುವುದು ಹೇಗೆ?

ಅಡಿಕೆ ಬೆಳೆಗಾರನಿಗೆ ಇದು ಅಂದಚಂದದ ಮಾತಲ್ಲ. ಮೂಟೆ ಗಾಡಿಗೆ ಹೇರಬೇಕೋ ಬೇಡವೋ ಎಂದು ಆತ ನಿರ್ಧರಿಸುವುದೇ ಆ ಅಂಕಿ ನೋಡಿ. ಹೀಗಾಗಿ ದಿನಾಂಕ ದರದಷ್ಟೇ ದಪ್ಪ ಅಕ್ಷರದಲ್ಲಿ, ದರದ ಮೇಲೆಯೇ ಇರಲಿ. ಇಟ್ಟ ಪ್ರತಿ ಒಂದು ದಿನಕ್ಕಿಂತ ಹಳೆಯದಾದರೆ ‘ಇದು ಭಾನುವಾರ ತೆಗೆದಿಟ್ಟ ದರ, ಇವತ್ತಿನದಲ್ಲ’ ಎಂದು ಮಾತಿನಲ್ಲೇ ಬರಲಿ. ಮಂಡಿಯವರು ಕರಿಹಲಗೆಯ ಫೋಟೊ ತೆಗೆದು ವಾಟ್ಸ್‌ಆಪ್ ಗುಂಪಿಗೆ ಹಾಕುತ್ತಾರಲ್ಲ, ಅಲ್ಲೂ ಇದೇ ತೊಂದರೆ. ಹಳೆಯ ಹಲಗೆ ಊರೂರು ಸುತ್ತಿ ಹೊಸದರಂತೆ ಬರುತ್ತದೆ. ನಿಮ್ಮ ಪುಟ ಆ ಫೋಟೊಗಿಂತ ಮೇಲು ಎನ್ನಬೇಕಾದರೆ ಇದೊಂದನ್ನು ಸರಿಮಾಡಿದರೆ ಸಾಕು.

ಅಕ್ಕನ ಫೋನಿನಲ್ಲಿ ಇನ್ನೊಂದೂ ಕಂಡಿತು. ಅವಳು ಅಕ್ಷರದ ಗಾತ್ರವನ್ನು ಕೊನೆಯವರೆಗೆ ಎಳೆದಿಟ್ಟುಕೊಂಡಿದ್ದಾಳೆ. ನಿಮ್ಮ ಪಟ್ಟಿಯಲ್ಲಿನ ‘ಬೆಟ್ಟೆ’ ಎಂಬ ಅಡಿಕೆಯ ಬಗೆ ಅಲ್ಲಿ ‘ಬೆಟೆ’ ಆಗಿತ್ತು. ಒತ್ತು ಕೆಳಗಿನ ಗೆರೆಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಇಟ್ಟರೆ ಕನ್ನಡಕ್ಕೆ ಹೀಗೇ ಆಗುವುದು. ನಮ್ಮ ಅಕ್ಷರಕ್ಕೆ ತಲೆಯ ಮೇಲೂ ಕಾಲಿನ ಕೆಳಗೂ ಜಾಗ ಬೇಕು. ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಬೇಡ, ಅಕ್ಷರ ಕೂರುವ ಡಬ್ಬಿಗಳಿಗೆ ಎತ್ತರ ಕಟ್ಟಿಹಾಕಬೇಡಿ ಎಂದು ನಮ್ಮ ತಂತ್ರಜ್ಞಾನ ಪುಟ ನೋಡಿಕೊಳ್ಳುವ ಸಹೋದ್ಯೋಗಿ ಹೇಳುತ್ತಾರೆ. ಚಂದಕ್ಕೆಂದು ನೀವು ಬೇರೆ ಫಾಂಟ್ ಇಳಿಸುತ್ತಿದ್ದೀರಿ, ಅದನ್ನೂ ತೆಗೆಯಿರಿ ಎಂದರು. ಫೋನಿನಲ್ಲಿ ಕನ್ನಡದ ಫಾಂಟ್ ಇದ್ದೇ ಇದೆ. ದರೆಯ ಮೇಲೆ ಸಿಗುವ ಚೂರು ಸಿಗ್ನಲ್ಲನ್ನು ಫಾಂಟಿಗೆ ಖರ್ಚು ಮಾಡಬಾರದು. ಮತ್ತು ಅಂಕಿಗಳು 1, 2, 3 ಎಂದೇ ಇರಲಿ. ಕನ್ನಡ ಅಂಕಿಯ ಮೇಲೆ ನನಗೆ ಮೋಹವಿದೆ, ಆದರೆ ಮಂಡಿಯ ಚೀಟಿಯಲ್ಲಿ ಇರುವುದು ಈ ಅಂಕಿ. ಎರಡನ್ನೂ ತಾಳೆ ನೋಡುವವನಿಗೆ ನನ್ನ ಮೋಹ ಬೇಡ.

ಎಸ್‌ಎಂಎಸ್ ಕಳಿಸುವುದೇ ಇನ್ನೂ ಸರಳವಲ್ಲವೇ ಎಂದು ಕೇಳಿದ್ದೀರಿ. ಕೀಪ್ಯಾಡ್ ಫೋನಿನವರಿಗೆ ಹೌದು. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ಆ ಎಪ್ಪತ್ತರಲ್ಲಿ ಸ್ವರಚಿಹ್ನೆ, ಒತ್ತು ಎಲ್ಲ ಬೇರೆಬೇರೆ ಲೆಕ್ಕ. ‘ಬೆಟ್ಟೆ’ಯೊಂದೇ ಆರನ್ನು ತಿನ್ನುತ್ತದೆ. ಸಾಲದ್ದಕ್ಕೆ ಸಂದೇಶದ ನಮೂನೆಯನ್ನು ಮೊದಲೇ ನೋಂದಾಯಿಸಬೇಕು. ಬೇಕೆಂದರೆ ಮುಂದೆ ನೋಡಿ.

ಈಗ ದುಡ್ಡಿನ ಮಾತು. ಇದನ್ನು ಬರೆಯಲು ಸ್ವಲ್ಪ ನಾಚಿಕೆ, ಯಾಕೆಂದರೆ ಲೇಖಕರಿಗೆ ಸಂಭಾವನೆ ತಡಮಾಡಿದವರ ಸಾಲಿನಲ್ಲಿ ನಾವೂ ಇದ್ದೇವೆ. ಕೊಡಬೇಕಾದವರ ಕಡೆ ಕೂತು ಕಲಿತದ್ದನ್ನು ಹೇಳುತ್ತೇನೆ: ಮೊದಲು ಹಣ ಹೋಗುವುದು ತಾರೀಖು ಬರೆದ ಬಿಲ್ಲಿಗೆ, ಸಂಕೋಚದಿಂದ ‘ಆಮೇಲೆ ಕೊಡಿ ಪರವಾಗಿಲ್ಲ’ ಎಂದವರಿಗಲ್ಲ. ನೀವು ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡಿದ್ದರೆ, ಸಣ್ಣಪುಟ್ಟ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗೆಂದು ನಾಳೆಯೇ ನೋಟಿಸ್ ಕಳಿಸಿ ಎನ್ನಲಾರೆ. ಅದೇ ಮಂಡಿಗೆ ನಿಮ್ಮ ಮನೆಯ ಅಡಿಕೆಯೂ ಹೋಗುತ್ತದಲ್ಲ. ಮುಂದಿನ ಗಿರಾಕಿಯ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಕೊನೆಯ ತಾರೀಖನ್ನೂ ಅಚ್ಚು ಹಾಕಿಸಿ, ಓದುವವರು ಓದಿಕೊಳ್ಳುತ್ತಾರೆ. ಅರ್ಧ ಮುಂಗಡ ಬರುವವರೆಗೆ ಲ್ಯಾಪ್‌ಟಾಪ್ ತೆರೆಯಬೇಡಿ.

ಮಂಡಿಯವರ ಹತ್ತಿರ ಹೋಗುವಾಗ ಹೀಗೆ ಮಾತಾಡಿ ನೋಡಿ. ‘ಸ್ಟೋರಿನಲ್ಲೂ ಹಾಕಿಕೊಡುತ್ತೇನೆ. ಇದೇ ಪುಟವನ್ನು ಆಪಿನ ಹೊದಿಕೆಯಲ್ಲಿ ಸುತ್ತಿ ಏರಿಸಬಹುದು. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಗೂಗಲಿಗೆ ಒಮ್ಮೆ 25 ಡಾಲರ್, ಆಪಲ್ ಕೂಡ ಬೇಕಾದರೆ ವರ್ಷವರ್ಷವೂ 99 ಡಾಲರ್. ಹೊಸದಾಗಿ ತೆರೆದ ವೈಯಕ್ತಿಕ ಖಾತೆಯಾದರೆ ಮೊದಲು 12 ಜನ ಎಡೆಬಿಡದೆ 14 ದಿನ ಪರೀಕ್ಷೆ ಮಾಡಬೇಕು, ಆ ಹನ್ನೆರಡು ಜನರನ್ನು ನೀವೇ ಕೊಡಿ. ಆಮೇಲೆ ವರ್ಷಕ್ಕೊಮ್ಮೆ ಹೊಸ ಆಂಡ್ರಾಯ್ಡಿಗೆ ಹೊಂದಿಸಲು ಇಷ್ಟು.’ ಆ ‘ಇಷ್ಟು’ ಎಷ್ಟೆಂದು ನೀವೇ ತೀರ್ಮಾನಿಸಿ, ಆದರೆ ಬರೆದುಕೊಡಿ. ಇದಿಷ್ಟು ಕೇಳಿದ ಮೇಲೆ ಅವರು ‘ಪುಟವೇ ಸಾಕು ಬಿಡಿ’ ಎಂದರೂ ಅನ್ನಬಹುದು. ಇಲ್ಲ, ಗತ್ತೇ ಬೇಕು ಎಂದರೆ ಗತ್ತಿಗೂ ಬೆಲೆ ಕಟ್ಟಿದಂತಾಯಿತು. ಯಾವುದಾದರೂ ನಿಮಗೆ ನಷ್ಟವಿಲ್ಲ. ಪುಟದ ಡೊಮೈನ್ ಹೆಸರು, ಅಂದರೆ ಅದರ ವಿಳಾಸ, ಈಗ ನಿಮ್ಮ ಹೆಸರಿನಲ್ಲಿದೆ ಎಂದಿದ್ದೀರಿ. ಬಾಕಿ ವಸೂಲಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಯೋಚನೆ ಬೇಡ. ಕೆನಡಾಕ್ಕೆ ಫೋನ್ ಹಚ್ಚಿ ಬೇಡಿಕೊಂಡವನಾಗಿ ಹೇಳುತ್ತಿದ್ದೇನೆ.

ಒಂದು ವಿಷಯ ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಎಲ್ಲೂ ಇಲ್ಲ. ದಿನವೂ ದರ ತುಂಬುವವರು ಯಾರು? ವ್ಯಾಪಾರ ಮುಗಿದ ಗಡಿಬಿಡಿಯಲ್ಲಿ, ಒಂದು ಕೈಯಲ್ಲಿ ತೂಕದ ಚೀಟಿ ಹಿಡಿದ ಗುಮಾಸ್ತರೇ ಇರಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ, ಒಟ್ಟು ಹನ್ನೆರಡು ಅಂಕಿ. ಡಬ್ಬಿ ಮುಟ್ಟಿದ ಕೂಡಲೇ ಅಂಕಿಯ ಕೀಲಿಮಣೆ ಬರುತ್ತದೆಯೇ, ನಿನ್ನೆಯ ದರ ಪಕ್ಕದಲ್ಲಿ ಕಾಣುತ್ತದೆಯೇ, ಒಂದು ಸೊನ್ನೆ ಹೆಚ್ಚಾದರೆ ‘ಸರಿಯೇ?’ ಎಂದು ಕೇಳುತ್ತದೆಯೇ? ಅಕ್ಕನ ಫೋನಿನಲ್ಲಿ ನನಗೆ ಕಂಡದ್ದು ಪುಟದ ಮುಂಬಾಗಿಲು ಮಾತ್ರ. ಹಿಂಬಾಗಿಲಿನ ಪಾಸ್‌ವರ್ಡ್ ಗುಮಾಸ್ತರ ಬಳಿ ಇದೆ. ಒಂದು ಸಂಜೆ ಮಂಡಿಗೆ ಹೋಗಿ ಅವರ ಪಕ್ಕ ಕೂತು, ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಬರೆಯಿರಿ.

- ಸಂಪಾದಕ