ಸಾಲು ಉದ್ದವಿದ್ದರೂ ಡಾಕ್ಟರು ಅಕ್ಕರೆಯಿಂದ ಮಾತಾಡಬೇಕಾ?

ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಡಾಕ್ಟರು ಅಕ್ಕರೆಯಿಂದ ಮಾತಾಡುತ್ತಾ ಕೂರಬೇಕಾ, ಸರಿಯಾದ ಔಷಧಿ ಕೊಟ್ಟರೆ ಸಾಲದಾ ಎಂದು ಕೇಳಿದ್ದೀರಿ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಸಾಲದು ಅಂತಲೇ ಹೇಳುತ್ತೇನೆ. ಅಕ್ಕರೆ ಇಲ್ಲದ ಕಡೆ ಯಾವ ಔಷಧಿ ಸರಿ ಎಂದು ತಿಳಿಯುವುದೇ ಕಷ್ಟ.

ಸಕ್ಕರೆ ಕಾಯಿಲೆಯವರನ್ನೇ ನೋಡಿ. ಅಜ್ಜಿಯೊಬ್ಬರ ಶುಗರ್ ಇಳಿದಿಲ್ಲ. 'ಮಾತ್ರೆ ಸರಿಯಾಗಿ ತಗೋತಿಲ್ವಾ?' ಎಂದು ಡಾಕ್ಟರು ಗದರಿದರೆ, ಅವರು ಹೆದರಿ 'ತಗೋತಿದೀನಿ ಸಾರ್' ಅನ್ನುತ್ತಾರೆ. ಅದನ್ನು ನಂಬಿ ಡೋಸ್ ಏರಿಸುತ್ತಾರೆ. ಅದೇ ಅಜ್ಜಿ ಹೊರಗೆ ಬಂದು ನಮ್ಮ ಹತ್ತಿರ, 'ಮಾತ್ರೆ ತಿಂಗಳು ಪೂರ್ತಿ ಬರಲ್ಲ ಕಣಮ್ಮ, ದಿನ ಬಿಟ್ಟು ದಿನ ನುಂಗ್ತೀನಿ' ಅನ್ನುತ್ತಾರೆ! ನಾಳೆ ಮಗ ಬಂದು ಆ ಹೊಸ ಡೋಸನ್ನು ದಿನಾ ತಪ್ಪದೆ ಕೊಟ್ಟರೆ, ಶುಗರ್ ಲೋ ಆಗಿ ಬಿದ್ದಾರು. 'ದಿನಾ ನುಂಗೋದು ಸುಮಾರು ಜನಕ್ಕೆ ಕಷ್ಟ ಆಗುತ್ತೆ, ನಿಮಗೆ ಹೇಗೆ ಅಜ್ಜಿ?' ಎಂದಿದ್ದರೆ ನಿಜ ಅಲ್ಲೇ ಹೊರಬೀಳುತ್ತಿತ್ತು. ಗದರಲು ಬೇಕಾದಷ್ಟೇ ಹೊತ್ತು ಇದಕ್ಕೂ ಸಾಕು.

ಸಮಯ ಕಡಿಮೆ ಎಂಬುದು ನಿಜ. ಹಲವು ದೇಶಗಳ ಮಾಹಿತಿ ಕೂಡಿಸಿ 2017ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಒಬ್ಬ ರೋಗಿಗೆ ಸಿಗುವುದು ಸುಮಾರು 2 ನಿಮಿಷ. ಆದರೆ ಅಮೆರಿಕದ ಕನ್ಸಾಸ್‌ನಲ್ಲಿ ಬೆನ್ನುಮೂಳೆಯ ಆಪರೇಷನ್ ಆದವರ ವಾರ್ಡಿನಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಸರ್ಜನ್ ಕೆಲವರ ಹತ್ತಿರ ಕೂತು ಮಾತಾಡಿದರು, ಕೆಲವರ ಹತ್ತಿರ ನಿಂತೇ ಮಾತಾಡಿದರು. ಎರಡೂ ಕಡೆ ಒಂದು ನಿಮಿಷದ ಆಸುಪಾಸು ಅಷ್ಟೇ. ಆದರೂ ಕೂತು ಮಾತಾಡಿದಾಗ, ಡಾಕ್ಟರು ಜಾಸ್ತಿ ಹೊತ್ತು ಇದ್ದರು ಅಂತ ರೋಗಿಗಳಿಗೆ ಅನಿಸಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಬಟ್ಟೆ ನೋಡಿ ಏಕವಚನಕ್ಕೆ ಇಳಿಯುವುದು ನನಗೆ ತುಂಬಾ ನೋವು ಕೊಡುತ್ತದೆ. ಮಗನ ವಯಸ್ಸಿನವರು 'ಏ, ನಾಲಿಗೆ ತೋರ್ಸು' ಅಂದರೆ ಆ ಹಿರಿಯರು ಮನಸ್ಸು ಬಿಚ್ಚಿ ಏನು ಹೇಳಿಯಾರು? ಇದಕ್ಕೆ ಸಮಯದ ನೆಪವೂ ಇಲ್ಲ, ಅಲ್ವಾ?

2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ರೋಗಿಗಳ ಜೊತೆ ಮಾತಾಡುವುದನ್ನು ಕಲಿಸುತ್ತಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಹುಡುಗರು ಕಲಿಯುವುದು ಜಾಸ್ತಿ ರೌಂಡ್ಸಿನಲ್ಲಿ. ಅಲ್ಲಿ ದೊಡ್ಡ ಡಾಕ್ಟರು ಮಂಚದ ಕಾಲ ಬಳಿ ನಿಂತು ಕೇಸ್‌ಶೀಟ್ ಜೊತೆ ಮಾತಾಡಿ ಹೋದರೆ, ಇವರೂ ನಾಳೆ ಹಾಗೇ ಮಾಡುತ್ತಾರೆ. ಹಿರಿಯರು ಮೊದಲು ಕೂರಬೇಕು. ಕೂರಲು ಸ್ಟೂಲೂ ಬೇಕು. ಎಷ್ಟೋ ವಾರ್ಡುಗಳಲ್ಲಿ ಇರುವುದೇ ಒಂದೆರಡು, ಅದರ ಮೇಲೂ ಯಾರದೋ ಊಟದ ಡಬ್ಬಿ ಇರುತ್ತದೆ. ಮಂಚಕ್ಕೊಂದು ಸ್ಟೂಲ್ ಕೊಡುವುದು ಯಾವ ಆಸ್ಪತ್ರೆಗೂ ದೊಡ್ಡ ಖರ್ಚಲ್ಲ.